ರಟ್ಟು ಮುಚ್ಚದೆ ಓದೋಣ



ಸಭೆಗಳಲ್ಲಿ ಸಿಕ್ಕಾಗ ನಾವು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿವೆ. ಯಾವ ಊರು, ಯಾವ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು ಬಂತಾ, ಊಟ ಹೆಂಗಿದೆ. ಇಷ್ಟು ಕೇಳಿ ಮುಗಿಸಿ ಭಾಷಣ ಕೇಳಕ್ಕೆ ಕೂತ್ಕೋತೀವಿ. 'ಈಗ ಏನು ಓದ್ತಾ ಇದ್ದೀಯಪ್ಪಾ?' ಅಂತ ಮಾತ್ರ ಯಾರೂ ಕೇಳೋದಿಲ್ಲ. ಕೇಳಿದರೂ 'ಪರೀಕ್ಷೆಗೆ ಓದ್ತಾ ಇದ್ದೀನಿ' ಅನ್ನೋ ಉತ್ತರ ಬರುತ್ತೆ, ಮಾತು ಅಲ್ಲಿಗೆ ಮುಗಿಯುತ್ತೆ. ಈ ಸಂಚಿಕೆಯ ಸಂಪಾದಕೀಯವನ್ನು ಆ ಒಂದು ಪ್ರಶ್ನೆಗೆ ಬಿಟ್ಟುಕೊಟ್ಟಿದ್ದೇನೆ. ಬೇರೆಯವರನ್ನು ಕೇಳುವ ಮುಂಚೆ ನಾನೇ ಉತ್ತರ ಹೇಳಬೇಕು. ಉತ್ತರದ ಜೊತೆಗೆ ಒಂದು ಸುಳ್ಳನ್ನೂ ಒಪ್ಪಿಕೊಳ್ಳಬೇಕು.

ನಾನಿರೋದು ಸಂಜಯನಗರದಲ್ಲಿ, ಗೆದ್ದಲಹಳ್ಳಿ ಕಡೆಯ ಒಂದು ಬಾಡಿಗೆ ರೂಮಿನಲ್ಲಿ. ಪುಸ್ತಕ ಇಟ್ಟುಕೊಳ್ಳೋನು ಹೋಗಿ ಹೋಗಿ ಗೆದ್ದಲಹಳ್ಳಿಯಲ್ಲಿ ರೂಮು ಮಾಡಬೇಕೆ ಅಂತ ಗೆಳೆಯರು ನಗ್ತಾರೆ. ನನ್ನ ಪುಸ್ತಕಗಳಿಗೆ ಗೆದ್ದಲು ಹತ್ತಲಿಲ್ಲ. ಹೆದರಿಕೆ ಹತ್ತಿತು. ರೂಮು ಹುಡುಕುವಾಗ ಒಂದು ಮನೆಯಲ್ಲಿ 'ನೀವು ಯಾರ ಪೈಕಿ?' ಅಂತ ನೇರವಾಗಿಯೇ ಕೇಳಿದರು. ಇನ್ನೊಂದು ಮನೆಯಲ್ಲಿ 'ಮನೆದೇವರು ಯಾವುದು?' ಅಂದರು. ಮತ್ತೊಂದು ಮನೆಯಲ್ಲಿ 'ಮಾಂಸ ಗೀಂಸ ಮಾಡ್ತೀರಾ?' ಅಂದರು. ಮೂರೂ ಒಂದೇ ಪ್ರಶ್ನೆ ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕನೇ ಮನೆಯವರು ಅಡ್ವಾನ್ಸು ಎಷ್ಟು ಕೊಡ್ತೀಯ ಅಂತ ಮಾತ್ರ ಕೇಳಿದರು. ಕೊಟ್ಟೆ. ಟ್ರಂಕು ಇಳಿಸಿದ ದಿನವೇ ಹಳೇ ಪೇಪರು ತಂದು ಪುಸ್ತಕಗಳಿಗೆ ಹೊದಿಕೆ ಹಾಕಿದೆ.

ಎಲ್ಲ ಪುಸ್ತಕಗಳಿಗೂ ಅಲ್ಲ. ಕುವೆಂಪು ಹಂಗೇ ಇದ್ದರು. ಕಾರಂತರು ಹಂಗೇ ಇದ್ದರು. ಬಾಬಾಸಾಹೇಬರ ಮುಖವಿದ್ದ ಪುಸ್ತಕ, 'ದಲಿತ' ಎಂಬ ಪದವಿದ್ದ ಪುಸ್ತಕ, ಸಿದ್ಧಲಿಂಗಯ್ಯನವರ ಪುಸ್ತಕ, ಇವಕ್ಕೆ ಮಾತ್ರ ಪೇಪರು. ನನ್ನ ಗೂಡಿನಲ್ಲಿ ನಾನೇ ಊರು ಒಂದು ಕಡೆ, ಕೇರಿ ಒಂದು ಕಡೆ ಮಾಡಿದ್ದೆ.

ಹೀಗಿರುವಾಗ ಒಂದು ಸಂಜೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ 'ಊರುಕೇರಿ' ಓದ್ತಾ ನಿಂತಿದ್ದೆ. ಪೇಪರು ಹೊದ್ದ 'ಊರುಕೇರಿ'. ಪಕ್ಕದಲ್ಲಿ ಒಬ್ಬ ಹಾಸ್ಟೆಲ್ ಹುಡುಗ. ನಮ್ಮ ಸಭೆಗೂ ಒಂದೆರಡು ಸಲ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದವನು. 'ಅಣ್ಣಾ, ಏನ್ ಓದ್ತಾ ಇದ್ದೀರಾ?' ಅಂದ. ಸುತ್ತ ಜನ ಇದ್ದರು. ನನ್ನ ಬಾಯಿಂದ ಬಂದ ಮಾತು, 'ಜನರಲ್ ನಾಲೆಡ್ಜ್ ಕಣಪ್ಪಾ.' ಅವನ ಕಣ್ಣು ಅರಳಿತು. 'ಪಿಡಿಓ ಪರೀಕ್ಷೆಗೆ ಬರುತ್ತಾ ಅಣ್ಣಾ? ಎರಡು ದಿನ ಕೊಡ್ತೀರಾ? ಓದಿ ವಾಪಸ್ ಕೊಡ್ತೀನಿ.' 'ಇನ್ನೊಬ್ಬರಿಗೆ ಕೊಡ್ತೀನಿ ಅಂದ್ಬಿಟ್ಟಿದ್ದೀನಪ್ಪಾ' ಅಂದೆ. ಬಸ್ಸು ಬಂತು. ಹತ್ತಿ ಹೊರಟುಹೋದೆ.

ಒಂದು ಸುಳ್ಳು ಮುಚ್ಚಕ್ಕೆ ಇನ್ನೊಂದು ಸುಳ್ಳು. ಅವನ ಕೈಗೆ ಹೋಗಬೇಕಾಗಿದ್ದ ಪುಸ್ತಕ ನನ್ನ ಚೀಲದಲ್ಲೇ ಉಳಿಯಿತು. ವೇದಿಕೆ ಹತ್ತಿದರೆ ಸ್ವಾಭಿಮಾನದ ಪದ್ಯ ಓದುವವನು ನಾನು. ಬಸ್ ಸ್ಟಾಪಿನಲ್ಲಿ ಪುಸ್ತಕದ ಹೆಸರು ಹೇಳಕ್ಕೆ ನನ್ನ ನಾಲಗೆ ಏಳಲಿಲ್ಲ.

ಅದೇ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗೆ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು, ಕಿತ್ತಯ್ಯ ಎಂಬುವನ ಹೆಸರಿನ ಕನ್ನಡ ಶಾಸನ. ಅಂದರೆ ನಾನು ನಿಂತು ಸುಳ್ಳು ಹೇಳಿದ ಆ ನೆಲದಲ್ಲಿ ಸಾವಿರದ ಇನ್ನೂರು ವರ್ಷಕ್ಕಿಂತ ಹಿಂದೆಯೇ ಅಕ್ಷರ ಇತ್ತು. ನೆಲ ಅಗೆದ ಕೈಗಳಿಗೆ ಆ ಅಕ್ಷರ ಯಾವಾಗ ಸಿಕ್ಕಿತು? ನಮ್ಮಜ್ಜನಿಗೆ ಸಿಗಲಿಲ್ಲ. ನಮ್ಮಪ್ಪ ರುಜು ಹಾಕೋದು ಕಲಿತರು, ಅಷ್ಟೆ. ನನಗೆ ಸಿಕ್ಕಿದೆ. ಸಿಕ್ಕಿದ್ದನ್ನು ಪೇಪರಿನಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ!

ಈ ನಾಚಿಕೆಯಲ್ಲಿದ್ದಾಗ ಬೇಬಿ ಕಾಂಬಳೆಯವರ ಬದುಕಿನ ಒಂದು ಸಂಗತಿ ಓದಿದೆ. ಮಹಾರಾಷ್ಟ್ರದ ಫಲಟಣದ ಮಹಾರ್ ಹೆಣ್ಣುಮಗಳು. ಗಂಡನ ಜೊತೆ ಸಣ್ಣದೊಂದು ಅಂಗಡಿ ನಡೆಸುತ್ತಿದ್ದವರು. ಸಾಮಾನು ಕಟ್ಟಿಕೊಡಕ್ಕೆ ತಂದ ರದ್ದಿ ಪೇಪರುಗಳನ್ನು ಕಟ್ಟುವ ಮೊದಲು ಓದುತ್ತಿದ್ದರು. ಅದೇ ಅವರ ವಾಚನಾಲಯ. ಓದಿ ಓದಿ ಬರೆಯತೊಡಗಿದರು. ಬರೆದದ್ದನ್ನು ಮನೆಯವರ ಕಣ್ಣಿಗೆ ಬೀಳದ ಹಾಗೆ ಇಪ್ಪತ್ತು ವರ್ಷ ಬಚ್ಚಿಟ್ಟರು. 'ಜಿಣ ಆಮುಚ' ಎಂಬ ಆ ಆತ್ಮಕಥೆ 1986ರಲ್ಲಿ ಪುಸ್ತಕವಾಯಿತು, 2008ರಲ್ಲಿ ಇಂಗ್ಲಿಷಿಗೂ ಹೋಯಿತು. ಬೆಲ್ಲ ಬೇಳೆ ಕಟ್ಟುವ ಪೇಪರನ್ನು ಆಕೆ ಪುಸ್ತಕ ಮಾಡಿಕೊಂಡರು. ನಾನು ಪುಸ್ತಕವನ್ನು ಬೆಲ್ಲ ಬೇಳೆಯಂತೆ ಪೇಪರಿನಲ್ಲಿ ಕಟ್ಟಿಟ್ಟಿದ್ದೆ. ಆಕೆಗಿದ್ದ ಕಷ್ಟದಲ್ಲಿ ಒಂದು ಪಾಲೂ ನನಗಿರಲಿಲ್ಲ.

ಹಂಗಂತ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಯಾವ ಪುಸ್ತಕ ಓದಬೇಕು, ಯಾವುದು ಬೇಡ ಅಂತ ನಮ್ಮವರೊಬ್ಬರು ಬಾಯಿಬಿಟ್ಟು ಹೇಳಿದ್ದಕ್ಕೆ ಈ ನಾಡು ಏನು ಮಾಡಿತು ಅನ್ನೋದನ್ನು ಹೊಸ ಗೆಳೆಯರಿಗೆ ನೆನಪಿಸಬೇಕು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ದೇವರಾಜ ಅರಸು ಸಂಪುಟದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಇರುವುದರಲ್ಲಿ ಬಹುಪಾಲು ಬೂಸಾ ಎಂಬರ್ಥದ ಮಾತಾಡಿದರು. ಬೂಸಾ ಅಂದರೆ ದನಕ್ಕೆ ಹಾಕುವುದು. ಆ ಒಂದು ಪದಕ್ಕೆ ರಾಜ್ಯದಲ್ಲಿ ಬೆಂಕಿ ಬಿತ್ತು. ಹಲವು ಕಡೆ ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪನವರು ಮಂತ್ರಿಗಿರಿ ಬಿಡಬೇಕಾಯಿತು.

ಅವರ ಮಾತನ್ನು ನಾನು ಪೂರ್ತಿ ಒಪ್ಪೋದಿಲ್ಲ. ವಚನ ಬೂಸಾ ಅಲ್ಲ. ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯ ಬೂಸಾ ಅಲ್ಲ. ಆದರೆ ಅವರು ಎತ್ತಿದ ಪ್ರಶ್ನೆ ಇದೆಯಲ್ಲ, ಈ ಪುಸ್ತಕಗಳ ರಾಶಿಯಲ್ಲಿ ನಮ್ಮ ಅವ್ವ, ನಮ್ಮ ಅಪ್ಪ, ನಮ್ಮ ಹಸಿವು ಎಲ್ಲಿದೆ ಅನ್ನೋದು, ಅದಕ್ಕೆ ಕಲ್ಲು ಹೊಡೆದವರು ಉತ್ತರ ಕೊಡಲಿಲ್ಲ. ಉತ್ತರ ಕೊಟ್ಟವರು ಹಾಸ್ಟೆಲ್ಲುಗಳಿಂದ ಬಂದರು. ಎಪ್ಪತ್ತರ ದಶಕದಲ್ಲಿ ಮೈಸೂರಿನಿಂದ ಗೆಳೆಯರು 'ಪಂಚಮ' ತಂದರು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 1984ರಲ್ಲಿ ದೇವನೂರ ಮಹಾದೇವರ 'ಕುಸುಮಬಾಲೆ', 1994ರಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ'. ಇಷ್ಟು ಏಟು ತಿಂದು ಬಂದ ಪುಸ್ತಕಗಳು ಇವು. ಇವಕ್ಕೆ ಪೇಪರು ಸುತ್ತಿದರೆ ಆ ಕಲ್ಲುಗಳಿಗೆ ನಾವೇ ಕೈ ಜೋಡಿಸಿದಂಗೆ.

ಸರಿ. ಈಗ ನಾನು ಓದ್ತಾ ಇರೋದನ್ನು, ಓದಿ ಎದ್ದದ್ದನ್ನು ಹೇಳ್ತೀನಿ.

ಮೊದಲನೆಯದು ಆ ಬಸ್ ಸ್ಟಾಪಿನ ಪುಸ್ತಕವೇ, 'ಊರುಕೇರಿ'. ಮಾಗಡಿ ತಾಲೂಕಿನ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಹುಡುಗನ ಕತೆ. ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಇಬ್ಬರನ್ನು ಮಗು ನೋಡುತ್ತೆ, ಅವರಲ್ಲಿ ಒಬ್ಬರು ತನ್ನ ಅಪ್ಪ. ಇಂಥಾ ಸಂಗತಿ ಹೇಳುವಾಗಲೂ ಸಿದ್ಧಲಿಂಗಯ್ಯನವರು ಎದೆ ಬಡಿದುಕೊಳ್ಳೋದಿಲ್ಲ. ಪುಟ ಪುಟಕ್ಕೂ ನಗಿಸ್ತಾರೆ. ಗೋಪಾಲಪುರದ ಹಾಸ್ಟೆಲ್ಲು, ಅಲ್ಲಿನ ಹಸಿವು, ತುಂಟತನ, ಸ್ಮಶಾನದಲ್ಲಿ ಹೋಗಿ ಕೂರುವ ಹುಚ್ಚು ಎಲ್ಲ ಇದೆ. ಹಾಸ್ಟೆಲ್ ಹುಡುಗ ಒಬ್ಬ ಮೊದಲು ಓದಬೇಕಾದ ಪುಸ್ತಕ ಯಾವುದು ಅಂದರೆ ನಾನು ಇದನ್ನೇ ಹೇಳ್ತೀನಿ. ಯಾಕಂದ್ರೆ ತನ್ನ ಊಟದ ತಟ್ಟೆ, ತನ್ನ ಟ್ರಂಕು ಕೂಡ ಸಾಹಿತ್ಯ ಆಗಬಹುದು ಅನ್ನೋ ಧೈರ್ಯ ಇದರಿಂದ ಬರುತ್ತೆ. 2021ರ ಜೂನ್ 11ರಂದು ಕವಿ ತೀರಿಕೊಂಡರು. ಅವರ ನಗು ಈ ಪುಸ್ತಕದಲ್ಲಿ ಉಳಿದಿದೆ.

ಎರಡನೆಯದು 'ಗೌರ್ಮೆಂಟ್ ಬ್ರಾಹ್ಮಣ'. ಮಾಲಗತ್ತಿಯವರು ಮುದ್ದೇಬಿಹಾಳದವರು. ಕನ್ನಡದಲ್ಲಿ ದಲಿತ ಆತ್ಮಕಥನದ ದಾರಿ ತೆರೆದ ಪುಸ್ತಕ ಇದು. ಸರ್ಕಾರದಿಂದ ಸವಲತ್ತು ತಗೊಳ್ತೀರಿ ಅಂತ ನಮ್ಮನ್ನು ಹಂಗಿಸುವ ಮಾತನ್ನೇ ಎತ್ತಿ ತಲೆಬರಹ ಮಾಡಿದ್ದಾರೆ. ಕಾಲೇಜಿನಲ್ಲಿ ಇದೇ ಅರ್ಥದ ಮಾತು ನನಗೂ ಬಿದ್ದಿತ್ತು. ಆಗ ಬಾಯಿ ಕಟ್ಟಿತ್ತು. ಬೈಗುಳವನ್ನು ಕಿತ್ತುಕೊಂಡು ಪುಸ್ತಕದ ಹಣೆಗೆ ಅಂಟಿಸಬಹುದು ಅನ್ನೋದು ಆಮೇಲೆ ಗೊತ್ತಾಯಿತು. ಇದನ್ನು ಒಂಟಿಯಾಗಿ ಓದಬೇಡಿ, ನಾಲ್ಕು ಜನ ಕೂತು ಓದಿ. ಓದ್ತಾ ಓದ್ತಾ ಪ್ರತಿಯೊಬ್ಬನಿಗೂ ತನ್ನ ಊರಿನ ಒಂದು ಸಂಗತಿ ನೆನಪಾಗುತ್ತೆ. ಅದನ್ನು ಬಾಯಿಬಿಟ್ಟು ಹೇಳಕ್ಕೆ ಪಕ್ಕದಲ್ಲಿ ಜನ ಬೇಕು.

ಮೂರನೆಯದು ದೇವನೂರ ಮಹಾದೇವ. ಇಲ್ಲಿ ಇನ್ನೊಂದು ತಪ್ಪೊಪ್ಪಿಗೆ. 'ಕುಸುಮಬಾಲೆ'ಯನ್ನು ನಾನು ಎರಡು ಸಲ ಶುರು ಮಾಡಿ ಎರಡು ಸಲವೂ ಕೈಬಿಟ್ಟೆ. 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ ಅರ್ಥ ಆಗ್ತಿಲ್ಲ ಅಂತ ಹೇಳಿಕೊಳ್ಳಕ್ಕೆ ನಾಚಿಕೆ. ನಾನು ಗೌರಿಬಿದನೂರು ಕಡೆಯವನು, ನಮ್ಮ ಬಾಯಲ್ಲಿ ತೆಲುಗು ಕಲೆತ ಕನ್ನಡ. ನಂಜನಗೂಡು ಕಡೆಯ ಕೇರಿಯ ಮಾತು ನನಗೆ ಪರಭಾಷೆ ಇದ್ದಂಗಿತ್ತು. ಹಾಸ್ಟೆಲ್ಲಿನಲ್ಲಿ ಆ ಕಡೆಯ ಗೆಳೆಯ ಒಂದು ರಾತ್ರಿ ಕರೆಂಟು ಹೋದಾಗ ಮೊಬೈಲಿನ ಬೆಳಕಿನಲ್ಲಿ ಹತ್ತು ಪುಟ ಜೋರಾಗಿ ಓದಿದ. ಅವನ ಬಾಯಿಗೆ ಬಂದ ತಕ್ಷಣ ಪುಸ್ತಕ ತಾನಾಗಿ ಬಿಚ್ಚಿಕೊಂಡಿತು. ಕಣ್ಣಿಗೆ ಕಷ್ಟ ಇದ್ದದ್ದು ಕಿವಿಗೆ ಸಲೀಸಾಯಿತು. ಕೆಲವು ಪುಸ್ತಕಗಳನ್ನು ಒಬ್ಬನೇ ಓದಕ್ಕೆ ಆಗೋದಿಲ್ಲ. ಅದು ಓದುವವನ ದಡ್ಡತನ ಅಲ್ಲ. ಪಕ್ಕದ ಮಂಚದವನನ್ನು ಎಬ್ಬಿಸಿ ಓದಿಸಬೇಕು.

'ಕುಸುಮಬಾಲೆ' ಕಷ್ಟ ಅನ್ನಿಸಿದವರು 'ಒಡಲಾಳ'ದಿಂದ ಶುರು ಮಾಡಿ. ಸಾಕವ್ವನ ಕೋಳಿ ಹುಂಜ ಕಳೆದುಹೋಗಿದೆ. ಮನೆಮಂದಿಯೆಲ್ಲ ರಾತ್ರೋರಾತ್ರಿ ಕೂತು ಕದ್ದು ತಂದ ಕಡಲೆಕಾಯಿ ಸುಲಿದು ತಿಂತಾರೆ. ಬೆಳಿಗ್ಗೆ ಪೊಲೀಸು ಬರ್ತಾರೆ. ಈ ಕತೆಯನ್ನು ಊರಿಗೆ ಹೋದಾಗ ನಮ್ಮವ್ವನಿಗೆ ಹೇಳಿದೆ. ಅವ್ವನಿಗೆ ಓದು ಬರೋದಿಲ್ಲ. ಕಡಲೆಕಾಯಿ ತಿನ್ನೋ ಜಾಗ ಬಂದಾಗ ಬಿದ್ದು ಬಿದ್ದು ನಕ್ಕಳು. ಆಮೇಲೆ ಸುಮ್ಮನಾದಳು. 'ಇದು ನಮ್ಮತ್ತೆ ಕತೆ ಕಣೋ. ಆವಯ್ಯನಿಗೆ ಹೆಂಗೆ ಗೊತ್ತಾಯ್ತು?' ಅಂದಳು. ಬಿ.ಎ.ಯಲ್ಲಿ ಮೂರು ವರ್ಷ ವಿಮರ್ಶೆ ಓದಿದ ನನಗೆ ಇಷ್ಟು ಒಳ್ಳೆಯ ವಿಮರ್ಶೆ ಮಾಡಕ್ಕೆ ಬಂದಿರಲಿಲ್ಲ.

ಈಗ ಬಾಬಾಸಾಹೇಬರು. ನಮ್ಮಲ್ಲಿ ಅಂಬೇಡ್ಕರ್ ಫೋಟೋ ಇಲ್ಲದ ಹಾಸ್ಟೆಲ್ ರೂಮಿಲ್ಲ, ಏಪ್ರಿಲ್ 14ಕ್ಕೆ ಹಾರ ಹಾಕದ ಕೇರಿಯಿಲ್ಲ. ಆದರೆ ಅವರ ಒಂದು ಪುಸ್ತಕವನ್ನಾದರೂ ಮೊದಲಿಂದ ಕಡೆವರೆಗೂ ಓದಿದವರು ಕೈ ಎತ್ತಿ ಅಂದರೆ ಸಭೆಯಲ್ಲಿ ಎಷ್ಟು ಕೈ ಏಳುತ್ತೆ? ದಪ್ಪ ಸಂಪುಟಗಳನ್ನು ನೋಡಿ ಹೆದರಬೇಡಿ. ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಅವರ ಬರಹ ಭಾಷಣಗಳನ್ನು ಕನ್ನಡದಲ್ಲಿ ಸಂಪುಟಗಳಾಗಿ ತಂದಿದೆ, ಅವು ಎಲ್ಲೂ ಹೋಗೋದಿಲ್ಲ. ಮೊದಲು 'ವೀಸಾಗಾಗಿ ಕಾಯುತ್ತ' ಅನ್ನೋ ಸಣ್ಣ ಬರಹ ಓದಿ. ಒಂದು ಸಂಜೆಗೆ ಮುಗಿಯುತ್ತೆ. ಹೊಸ ಬಟ್ಟೆ ಹಾಕಿಕೊಂಡು ಅಪ್ಪನನ್ನು ನೋಡಕ್ಕೆ ರೈಲಿನಲ್ಲಿ ಹೊರಟ ಹುಡುಗ, ಜಾತಿ ತಿಳಿದ ಮೇಲೆ ಗಾಡಿ ಹತ್ತಿಸಲು ಒಪ್ಪದ ಗಾಡಿಯವರು, ದಾರಿಯುದ್ದಕ್ಕೂ ಸಿಗದ ನೀರು. ಆಮೇಲೆ ಅಮೆರಿಕದಲ್ಲಿ ಓದಿ ಬಂದು ಬರೋಡದಲ್ಲಿ ಕೆಲಸಕ್ಕೆ ಸೇರಿದಾಗ ತಲೆ ಮೇಲೆ ಒಂದು ಸೂರು ಸಿಗದೆ ಅಲೆದದ್ದು, ಪಾರ್ಸಿಗಳ ಛತ್ರದಿಂದ ಹೊರಗೆ ಹಾಕಿಸಿಕೊಂಡದ್ದು. ಸಂಜಯನಗರದಲ್ಲಿ ಮೂರು ಮನೆಯ ಬಾಗಿಲಿನಿಂದ ವಾಪಸ್ ಬಂದ ರಾತ್ರಿ ಇದನ್ನು ಓದಿದೆ. ಕೊಲಂಬಿಯಾದಲ್ಲಿ ಓದಿದವರಿಗೇ ಹಂಗಾದ ಮೇಲೆ ನನ್ನದೇನು ಅಂತ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. 1917ರ ಆ ಪ್ರಶ್ನೆ ಇನ್ನೂ ಬಾಗಿಲಲ್ಲೇ ನಿಂತಿದೆಯಲ್ಲ ಅಂತ.

ಆಮೇಲೆ 'ಜಾತಿ ವಿನಾಶ'. ಈ ಪುಸ್ತಕ ಹುಟ್ಟಿದ ರೀತಿಯೇ ಒಂದು ಪಾಠ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲದವರು ಅಧ್ಯಕ್ಷ ಭಾಷಣಕ್ಕೆ ಕರೆದರು. ಭಾಷಣದ ಪ್ರತಿ ಮೊದಲೇ ನೋಡಿ ಹೆದರಿದರು, ಕೆಲವು ಭಾಗ ತೆಗೀರಿ ಅಂದರು. ಬಾಬಾಸಾಹೇಬರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಭೆ ರದ್ದಾಯಿತು. ಅವರು ತಮ್ಮ ಸ್ವಂತ ಖರ್ಚಿನಲ್ಲಿ 1500 ಪ್ರತಿ ಅಚ್ಚು ಹಾಕಿಸಿದರು. ಎರಡೇ ತಿಂಗಳಲ್ಲಿ ಮುಗಿದುಹೋದವು. ಮರುಮುದ್ರಣದ ಮುನ್ನುಡಿಯಲ್ಲಿ, ಯಾವ ಯಾವ ಭಾಷೆಗೆ ಅನುವಾದ ಆಗಿದೆ, ಆಗುತ್ತಿದೆ ಅಂತ ಅವರೇ ಹೇಳುತ್ತಾರೆ. ಗುಜರಾತಿ, ತಮಿಳು, ಮರಾಠಿ, ಹಿಂದಿ, ಪಂಜಾಬಿ, ಮಲಯಾಳಂ. ಆ ಸಾಲಿನಲ್ಲಿ ಕನ್ನಡದ ಹೆಸರಿಲ್ಲ. ಈವತ್ತು ಕನ್ನಡದಲ್ಲಿ ಸಿಗುತ್ತೆ. ಆಗ ಸಿಗಲಿಲ್ಲ ಅಂತ ಕೊರಗುವ ಹಕ್ಕು, ಈಗ ಸಿಕ್ಕಿದ್ದನ್ನು ಓದಿದವರಿಗೆ ಮಾತ್ರ ಇದೆ.

ಇನ್ನೂ ಒಂದು ಸಂಗತಿ. ಈ ಪುಸ್ತಕವನ್ನು ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಟೀಕಿಸಿ ಬರೆದರು. ಮುಂದಿನ ಮುದ್ರಣದಲ್ಲಿ ಬಾಬಾಸಾಹೇಬರು ಆ ಟೀಕೆಯನ್ನೂ ಪುಸ್ತಕದೊಳಗೇ ಸೇರಿಸಿದರು, ಅದರ ಪಕ್ಕದಲ್ಲಿ ತಮ್ಮ ಉತ್ತರ ಇಟ್ಟರು. ಎದುರಾಳಿಯ ಮಾತನ್ನು ಬಚ್ಚಿಡಲಿಲ್ಲ. ತಾವೇ ಅಚ್ಚು ಹಾಕಿ ಹಂಚಿದರು. 'ನಮ್ಮವರದ್ದು ಮಾತ್ರ ಓದಿದರೆ ಸಾಕು' ಅನ್ನೋ ಗೆಳೆಯರಿಗೆ ಇದನ್ನು ಹೇಳಬೇಕು. 'ಚೋಮನ ದುಡಿ' ಓದಿ. 1933ರಷ್ಟು ಹಿಂದೆ ಕಾರಂತರು ಭೂಮಿ ಬೇಕು ಅನ್ನೋ ಹೊಲೆಯನನ್ನು ಕಾದಂಬರಿಯ ನಡುವೆ ನಿಲ್ಲಿಸಿದರು. ಓದಿ, ಮೆಚ್ಚಬೇಕಾದದ್ದು ಮೆಚ್ಚಿ, ಆಮೇಲೆ ಜಗಳ ಆಡಿ. ಚೋಮ ತಾನೇ ಬರೆದಿದ್ದರೆ ಹೀಗೇ ಮುಗಿಸುತ್ತಿದ್ದನಾ? ಕುವೆಂಪು ಅವರ 'ಜಲಗಾರ' ಓದಿ, 1928ರ ನಾಟಕ, ಬೀದಿ ಗುಡಿಸುವವನೇ ನಾಯಕ. ಆಮೇಲೆ ನಿಮ್ಮ ಬೀದಿಯ ಪೌರಕಾರ್ಮಿಕ ಅಕ್ಕನ ಜೊತೆ ಐದು ನಿಮಿಷ ಮಾತಾಡಿ. ಓದದೆ ಬೈದರೆ ಬಸವಲಿಂಗಪ್ಪನವರಿಗೆ ಕಲ್ಲು ಹೊಡೆದವರಿಗೂ ನಮಗೂ ಏನು ವ್ಯತ್ಯಾಸ?

ಇಷ್ಟು ಬರೆದು ನಿಲ್ಲಿಸಿ ನಮ್ಮ ಗುಂಪಿನ ಒಬ್ಬ ಗೆಳತಿಗೆ ತೋರಿಸಿದೆ. ಓದಿ ಒಂದೇ ಮಾತು ಕೇಳಿದಳು: 'ಬೇಬಿ ಕಾಂಬಳೆಯವರ ಬದುಕು ಬರೆದಿದ್ದೀಯ, ನಿನ್ನ ಪಟ್ಟಿಗೆ ಬಂದವರೆಲ್ಲ ಗಂಡಸರೇ ಅಲ್ಲವಾ?' ಏಟು ಸರಿಯಾಗಿ ಬಿತ್ತು. ಊರಿನವರು ನಮ್ಮನ್ನು ಬಿಟ್ಟು ಪಟ್ಟಿ ಮಾಡಿದರು ಅಂತ ಕೂಗುವ ನಾನು ಅವಳನ್ನು ಬಿಟ್ಟು ಪಟ್ಟಿ ಮಾಡಿದ್ದೆ. ಆಮೇಲೆ ಅವಳು ಕೊಟ್ಟ ಪುಸ್ತಕಗಳನ್ನು ಓದಿದೆ. ದು. ಸರಸ್ವತಿಯವರ 'ಸಣ್ತಿಮ್ಮಿ ರಾಮಾಯಣ' ಓದಿ. ಹಳ್ಳಿ ಹೆಂಗಸು ಸಣ್ತಿಮ್ಮಿ ತನ್ನ ಬಾಯಲ್ಲಿ ರಾಮಾಯಣ ಹೇಳ್ತಾಳೆ. ನಮ್ಮ ಪದ್ಯಗಳಲ್ಲಿ ಬರುವ ಅವ್ವ ಬರೀ ಅಳ್ತಾಳೆ, ಇವಳು ಮಾತಾಡ್ತಾಳೆ. ಗೀತಾ ನಾಗಭೂಷಣ ಅವರ 'ಬದುಕು' ಓದಿ, ಕಲಬುರಗಿ ಸೀಮೆಯ ದುಡಿಯುವ ಜನರ ದೊಡ್ಡ ಕಾದಂಬರಿ, 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಮುಕ್ತಾ ಸಾಳ್ವೆ ಎಂಬ ಹೆಸರನ್ನು ಬರೆದಿಟ್ಟುಕೊಳ್ಳಿ. ಫುಲೆ ದಂಪತಿಗಳ ಶಾಲೆಯಲ್ಲಿ ಕಲಿತ ಮಾಂಗ ಸಮುದಾಯದ ಹುಡುಗಿ, ಸುಮಾರು 14 ವರ್ಷದವಳು, 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಮಾಂಗ ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದಳು. ನಮ್ಮ ಪಿ.ಯು.ಸಿ. ಹುಡುಗಿಯರಿಗಿಂತ ಚಿಕ್ಕವಳು. ನಾವೇ ಮೊದಲು ಬರೆಯಕ್ಕೆ ಶುರು ಮಾಡಿದವರು ಅನ್ನೋ ಹುಡುಗರ ಜಂಬಕ್ಕೆ ಆ ಪ್ರಬಂಧ ಒಳ್ಳೆಯ ಮದ್ದು.

ಹೊರಗಿನದ್ದೂ ಒಂದು ಹೇಳಿ ಮುಗಿಸ್ತೀನಿ. ಜ್ಯೋತಿಬಾ ಫುಲೆ 1873ರಲ್ಲಿ 'ಗುಲಾಮಗಿರಿ' ಬರೆದು, ಅದನ್ನು ಕರಿಯರ ಗುಲಾಮಗಿರಿ ತೊಲಗಿಸಲು ಹೋರಾಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಆ ಗುಲಾಮಗಿರಿಯೊಳಗೆ ಹುಟ್ಟಿ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ತನ್ನ ಕತೆ ಬರೆದ. ಗುಲಾಮನಿಗೆ ಅಕ್ಷರ ಕಲಿಸಬಾರದು ಅಂತ ಒಡೆಯ ತಡೆದ. ಹುಡುಗ ಏನು ಮಾಡಿದ? ಮನೆಯಲ್ಲಿ ಸಿಗುತ್ತಿದ್ದ ರೊಟ್ಟಿಯನ್ನು ಬೀದಿಯ ಹಸಿದ ಬಿಳಿ ಹುಡುಗರಿಗೆ ಕೊಟ್ಟು, ಬದಲಿಗೆ ಅಕ್ಷರ ಕಲಿತ. ಇಂಗ್ಲಿಷ್ ಸರಾಗ ಬಾರದವರೂ ನಿಘಂಟು ಪಕ್ಕದಲ್ಲಿ ಇಟ್ಟುಕೊಂಡು ಓದಬಹುದು. ನಾನು ಹಂಗೇ ಓದ್ತಾ ಇದ್ದೀನಿ, ದಿನಕ್ಕೆ ನಾಲ್ಕು ಪುಟ. ಬಾಬಾಸಾಹೇಬರ ಬಡ ಅಪ್ಪ ಹೆಣ್ಣುಮಕ್ಕಳ ಒಡವೆ ಇಸಕೊಂಡು ಅಡ ಇಟ್ಟು ಮಗನಿಗೆ ಪುಸ್ತಕ ತರುತ್ತಿದ್ದರಂತೆ. ಎಲ್ಲ ಕಡೆಯೂ ನಮ್ಮಂಥವರು ಪುಸ್ತಕಕ್ಕೆ ತುತ್ತಿನ ಲೆಕ್ಕದಲ್ಲೇ ಬೆಲೆ ಕಟ್ಟಿದ್ದಾರೆ.

ತುತ್ತಿನ ಮಾತು ಬಂದಮೇಲೆ ಪರೀಕ್ಷೆಯ ಮಾತು ಬರಬೇಕು. ಪಿಡಿಓ, ಪಿಎಸ್‌ಐ, ಕೆಎಎಸ್ ಗೈಡುಗಳನ್ನು ಓದುವವರನ್ನು ನಮ್ಮ ಕೆಲವು ಹಿರಿಯರು ಗೇಲಿ ಮಾಡ್ತಾರೆ. ನಾನು ಮಾಡೋದಿಲ್ಲ. ಊರಿನಲ್ಲಿ ಸಾಲ ಇದೆ, ತಂಗಿ ಇದ್ದಾಳೆ. ಕೆಲಸ ಬೇಕು. ಗೈಡೂ ಓದಿ. ಆದರೆ ಗೈಡಿನಲ್ಲಿ ಬಾಬಾಸಾಹೇಬರು ನಾಲ್ಕು ಆಯ್ಕೆಯಲ್ಲಿ ಒಂದು ಆಯ್ಕೆ ಮಾತ್ರ. ಹುಟ್ಟಿದ್ದು ಎಲ್ಲಿ, ಅಧ್ಯಕ್ಷರಾಗಿದ್ದು ಯಾವ ಸಮಿತಿಗೆ, ಗುರುತು ಹಾಕಿ ಮುಂದೆ ಹೋಗು. ಕೆಲಸ ಸಿಕ್ಕಿ ಪಂಚಾಯ್ತಿ ಕುರ್ಚಿಯಲ್ಲಿ ಕೂತ ದಿನ, ಕೇರಿಗೆ ನೀರಿನ ಪೈಪು ಬೇಕು ಅಂತ ಅರ್ಜಿ ಹಿಡಿದು ಬರುವ ಮುದುಕಿಯ ಮುಖ ಗುರುತು ಹಿಡಿಯಕ್ಕೆ ಸಾಕವ್ವ ಗೊತ್ತಿರಬೇಕು. ಅದಕ್ಕೆ ದಿನಕ್ಕೆ ಹತ್ತು ಪುಟ ಸಾಕು.

ದುಡ್ಡೆಲ್ಲಿದೆ ಅಂತೀರಿ. ನ್ಯಾಯವಾದ ಮಾತು. ಪುಸ್ತಕದ ಬೆಲೆ ಹಾಸ್ಟೆಲ್ ಹುಡುಗನ ಜೇಬಿಗಿಂತ ದೊಡ್ಡದು. ಆದರೆ ಇನ್ನೊಂದು ಲೆಕ್ಕ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಕೆಳಗೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತೆ, ತೆರಿಗೆಯ ನೂರು ರೂಪಾಯಿಗೆ 6 ರೂಪಾಯಿ. ಮನೆಯವರು ಕಟ್ಟುವ ತೆರಿಗೆ ನಮ್ಮ ಬಾಡಿಗೆಯಿಂದಲೇ ಹೋಗೋದು. ಅಂದಮೇಲೆ ಲೈಬ್ರರಿ ಯಾರ ಧರ್ಮವೂ ಅಲ್ಲ, ನಾವು ದುಡ್ಡು ಕೊಟ್ಟ ಜಾಗ. ಕಬ್ಬನ್ ಪಾರ್ಕಿನೊಳಗಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯಕ್ಕೆ ಒಂದು ಭಾನುವಾರವಾದರೂ ಹೋಗಿ ಬನ್ನಿ. ನಿಮ್ಮ ಬಡಾವಣೆಯ ಲೈಬ್ರರಿಗೆ ಹೋಗಿ 'ಊರುಕೇರಿ ಇದೆಯಾ ಸಾರ್?' ಅಂತ ಕೇಳಿ. ಇಲ್ಲ ಅಂದರೆ ತರಿಸಿಕೊಡಿ ಅಂತ ಬರೆದುಕೊಡಿ. ಹತ್ತು ಜನ ಬರೆದರೆ ತರಿಸಲೇಬೇಕಾಗುತ್ತೆ. ಹಾಸ್ಟೆಲ್ಲಿನಲ್ಲಿ ಬೀಗ ಹಾಕಿದ ಪುಸ್ತಕದ ಬೀರು ಇದ್ದರೆ ಕೀಲಿ ಯಾರ ಹತ್ತಿರ ಇದೆ ಅಂತ ಮರ್ಯಾದೆಯಿಂದ ಕೇಳಿ, ಸಿಗೋವರೆಗೂ ಕೇಳಿ. ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಚೌಕಾಸಿ ಮಾಡಿ. ಅಕ್ಟೋಬರಿನಲ್ಲಿ ನಾಗಪುರದ ದೀಕ್ಷಾಭೂಮಿಗೆ, ಡಿಸೆಂಬರ್ 6ಕ್ಕೆ ದಾದರಿನ ಚೈತ್ಯಭೂಮಿಗೆ ಹೋಗಿ ಬಂದವರನ್ನು ಕೇಳಿ ನೋಡಿ. ಕೂಲಿ ಮಾಡುವ ಜನ ಬುತ್ತಿ ಗಂಟಿನ ಪಕ್ಕದಲ್ಲಿ ಪುಸ್ತಕ ಕಟ್ಟಿಕೊಂಡು ಊರಿಗೆ ಹೋಗ್ತಾರೆ. ನಾವು ಜಾತ್ರೆಯಿಂದ ಕಳ್ಳೇಪುರಿ ತರ್ತೀವಿ.

ಕಡೆಗೆ ನಮ್ಮ ಕೈಯಲ್ಲಿರುವ ಕೆಲಸ. ಮುಂದಿನ ಸಭೆಯಲ್ಲಿ ಈ ಪತ್ರಿಕೆ ಮಾರುವ ಮೂಲೆಯಲ್ಲಿ ಒಂದು ಟವೆಲ್ ಹಾಸ್ತೀವಿ. ನಿಮ್ಮ ಹತ್ತಿರ ಇರುವ ಒಂದು ಪುಸ್ತಕ ತನ್ನಿ, ಇಟ್ಟು ಇನ್ನೊಂದು ತಗೊಂಡು ಹೋಗಿ. ಹದಿನೈದು ದಿನಕ್ಕೆ ವಾಪಸ್. ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಒಂದು ಸಾಲು ಬರೆಯಿರಿ. ಹೊಗಳಬೇಕಾಗಿಲ್ಲ. 'ಮೂವತ್ತನೇ ಪುಟದಲ್ಲಿ ನಿದ್ದೆ ಬಂತು' ಅಂತಲೂ ಬರೆಯಬಹುದು. ಮುಂದೆ ಓದುವವನಿಗೆ ತನ್ನ ಹಿಂದೆ ಒಬ್ಬ ಓದಿದ್ದ ಅನ್ನೋದು ಗೊತ್ತಾಗಬೇಕು, ಅಷ್ಟೆ. ಪುಸ್ತಕ ಇಲ್ಲದವರು ಬರಿಗೈಲಿ ಬನ್ನಿ, ತಗೊಂಡು ಹೋಗಿ. ಓದಿ ಮುಗಿಸಿದ ಮೇಲೆ ಎರಡು ನಿಮಿಷ ನಿಂತು ಮಾತಾಡಿ. ಭಾಷಣಕಾರರಿಗೆ ಎರಡು ನಿಮಿಷ ಕಡಿಮೆ ಆದರೆ ಚಳವಳಿಗೆ ನಷ್ಟ ಇಲ್ಲ.

ಒಂದೇ ಕಟ್ಟಳೆ. ಟವೆಲ್ ಮೇಲೆ ಇಡುವ ಪುಸ್ತಕಕ್ಕೆ ಪೇಪರು ಸುತ್ತಿರಬಾರದು.

ಎಲ್ಲರಿಗೂ ಎಲ್ಲ ಕಡೆ ಇದು ಸುಲಭ ಅಂತ ನಾನು ಹೇಳೋದಿಲ್ಲ. ರೂಮು ಕಳಕೊಂಡರೆ ರಾತ್ರಿ ಮಲಗೋದು ಎಲ್ಲಿ ಅನ್ನೋ ಭಯ ನನಗೂ ಇದೆ. ನಿಮ್ಮ ತಲೆ ಮೇಲಿನ ಸೂರನ್ನು ಪಣಕ್ಕೆ ಇಡಿ ಅಂತ ಹೇಳುವ ಹಕ್ಕು ನನಗಿಲ್ಲ. ನನ್ನ ಮಟ್ಟಿಗೆ ಹೇಳ್ತೀನಿ. ನಿನ್ನೆ ರಾತ್ರಿ ಕೂತು ಗೂಡಿನಲ್ಲಿದ್ದ ಎಲ್ಲ ಪುಸ್ತಕಗಳ ಪೇಪರು ಬಿಚ್ಚಿದೆ. ಬಾಬಾಸಾಹೇಬರು ಕುವೆಂಪು ಪಕ್ಕ ನಿಂತರು, ಸಿದ್ಧಲಿಂಗಯ್ಯ ಕಾರಂತರ ಪಕ್ಕ ನಿಂತರು. ಬಾಗಿಲು ತೆಗೆದರೆ ಗೂಡು ನೇರ ಕಾಣುತ್ತೆ. ತಿಂಗಳ ಐದಕ್ಕೆ ಮನೆಯವರು ಬಾಡಿಗೆಗೆ ಬರ್ತಾರೆ. ಏನಾಗುತ್ತೋ ಮುಂದಿನ ಸಂಚಿಕೆಯಲ್ಲಿ ಬರೀತೀನಿ.

ಹೆಬ್ಬಾಳದ ಬಸ್ ಸ್ಟಾಪಿನ ತಮ್ಮಾ, ಈ ಹಾಳೆ ನಿನ್ನ ಕೈಗೆ ಬಂದರೆ ಓದು. ಅವತ್ತು ನಾನು ಓದ್ತಾ ಇದ್ದದ್ದು ಜನರಲ್ ನಾಲೆಡ್ಜ್ ಅಲ್ಲ, 'ಊರುಕೇರಿ'. ಇನ್ನೊಬ್ಬರಿಗೆ ಕೊಡ್ತೀನಿ ಅಂತ ಯಾರಿಗೂ ಹೇಳಿರಲಿಲ್ಲ. ಮುಂದಿನ ಸಭೆಗೆ ಬಾ. ಟವೆಲ್ ಮೇಲಿನ ಮೊದಲನೇ ಪುಸ್ತಕ ಅದೇ. ನೀನು ಬರೋವರೆಗೂ ಬೇರೆಯವರಿಗೆ ಕೊಡೋದಿಲ್ಲ. ನಿನ್ನ ಹತ್ತಿರ ಪಿಡಿಓ ಗೈಡು ಇದ್ದರೆ ತಗೊಂಡು ಬಾ, ನಾನೂ ಪರೀಕ್ಷೆಗೆ ಕಟ್ಟಿದ್ದೀನಿ.

ಜೈ ಭೀಮ್.

— ಸಂಪಾದಕ